ಪಾಪ ಎನ್ನುವ ಮೊದಲು

ನಮ್ಮ ಹೆಣ್ಣುಮಕ್ಕಳ ಬಾಯಲ್ಲಿ ಬಲು ಸುಲಭವಾಗಿ ಬರುವ ಮಾತು ‘ಪಾಪ’. ಗಂಡ ತೀರಿಕೊಂಡವಳಿಗೆ ಪಾಪ, ಮಕ್ಕಳಾಗದವಳಿಗೆ ಪಾಪ, ಮಳೆಯಲ್ಲಿ ನೆನೆದು ಬಂದ ಮನೆಗೆಲಸದವಳಿಗೂ ಪಾಪ. ಪಾಪ ಎಂದುಬಿಟ್ಟರೆ ನಮ್ಮ ಪಾಲಿನ ಕರ್ತವ್ಯ ಮುಗಿಯಿತು, ಮತ್ತೆ ನಿಶ್ಚಿಂತೆಯಿಂದ ಕಾಫಿ ಲೋಟ ಕೈಗೆತ್ತಿಕೊಳ್ಳಬಹುದು. ಈ ಮಾತಿನ ಮೇಲೆ ನನಗೆ ಹಳೆಯ ಸಿಟ್ಟಿದೆ. ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿಬಂದ ಮೇಲೆ ಆ ಸಿಟ್ಟು ಜಗಳಕ್ಕೇ ಬಂದು ನಿಂತಿದೆ.

ಬೆಟ್ಟದಿಂದ ಇಳಿದು ಬಂದವರದೆಲ್ಲ ಒಂದೇ ರಾಗ. ‘ಎಷ್ಟು ಚೆಂದದ ಕಾಡು ರೀ! ಆದರೆ ಆ ಸೋಲಿಗರನ್ನು ನೋಡಿದರೆ ಪಾಪ ಅನ್ನಿಸುತ್ತೆ. ಈ ಕಾಲದಲ್ಲೂ ಕಾಡಿನಲ್ಲೇ ಇದ್ದಾರಲ್ಲ! ಸರ್ಕಾರ ಅವರನ್ನು ಕೆಳಗೆ ಕರಕೊಂಡು ಬಂದು ಒಂದೊಂದು ಮನೆ ಕಟ್ಟಿಸಿಕೊಟ್ಟರೆ ಅವರೂ ನಮ್ಮ ಹಾಗೆ ಆಗ್ತಾರೆ, ಕಾಡೂ ಉಳಿಯುತ್ತೆ.’ ಕೇಳುವುದಕ್ಕೆ ಕರುಣೆ ತುಂಬಿ ತುಳುಕುವ ಮಾತು. ಆದರೆ ಕಾಳು ಬಿಡಿಸಿದಂತೆ ಬಿಡಿಸಿ ನೋಡಿದರೆ ಇದರೊಳಗೆ ಮೂರು ಸುಳ್ಳುಗಳಿವೆ. ಅವರು ಹಿಂದುಳಿದವರು, ನಾವು ಮುಂದುವರಿದವರು ಎಂಬುದು ಮೊದಲನೆಯದು. ಅವರು ಹೋದರೆ ಮಾತ್ರ ಕಾಡು ಉಳಿಯುತ್ತದೆ ಎಂಬುದು ಎರಡನೆಯದು. ಆ ಕಾಡು ಸರ್ಕಾರದ್ದು, ಆದ್ದರಿಂದ ಟಿಕೆಟ್ಟು ಕೊಂಡ ನಮ್ಮದು, ಅಲ್ಲಿ ಹುಟ್ಟಿದವರದಲ್ಲ ಎಂಬುದು ಮೂರನೆಯದು. ಮೂರನ್ನೂ ಒಂದೊಂದಾಗಿ ನೋಡೋಣ.

ಮೈಸೂರಿನ ನಮ್ಮ ಬಡಾವಣೆಯ ಮಹಿಳಾ ಸಮಾಜದಿಂದ ನಾವು ಹನ್ನೊಂದು ಜನ ವ್ಯಾನು ಮಾಡಿಕೊಂಡು ಹೋಗಿದ್ದೆವು. ಯಳಂದೂರು ದಾಟಿ, ಅರಣ್ಯ ಇಲಾಖೆಯ ಗೇಟಿನಲ್ಲಿ ಹೆಸರು ಬರೆಸಿ, ತಿರುವುಗಳನ್ನು ಏರುತ್ತಾ ಹೋದಂತೆ ಗಾಳಿಯೇ ಬೇರೆಯಾಗುತ್ತದೆ. ಚಾಮರಾಜನಗರ ಜಿಲ್ಲೆಯ ಈ ಬೆಟ್ಟಸಾಲು ಪೂರ್ವಘಟ್ಟಕ್ಕೂ ಪಶ್ಚಿಮಘಟ್ಟಕ್ಕೂ ನಡುವೆ ಸೇತುವೆಯಂತಿದೆ. ಅದಕ್ಕೇ ಇಲ್ಲಿ ಕುರುಚಲು ಕಾಡೂ ಇದೆ, ಎಲೆ ಉದುರುವ ಕಾಡೂ ಇದೆ, ಎತ್ತರಕ್ಕೆ ಹೋದರೆ ಶೋಲೆ ಕಾಡು, ಹುಲ್ಲುಗಾವಲೂ ಇವೆ. ಪ್ರವಾಸಿಗಳ ಪಟ್ಟಿ ಮಾತ್ರ ಎಲ್ಲರದೂ ಒಂದೇ. ರಂಗನಾಥನ ದರ್ಶನ, ದೊಡ್ಡ ಸಂಪಿಗೆ, ಕ್ಯಾತದೇವರ ಗುಡಿಯ ಕಡೆ ಜೀಪಿನಲ್ಲಿ ಸಫಾರಿ, ಬರುವಾಗ ಒಂದು ಬಾಟಲಿ ಜೇನು. ಹುಲಿ ಕಾಣಿಸಿದರೆ ಪುಣ್ಯ, ಕಾಣಿಸದಿದ್ದರೆ ದುಡ್ಡು ದಂಡ. ದಾರಿಯಲ್ಲಿ ಸೋಲಿಗರ ಪೋಡು ಸಿಕ್ಕಿದರೆ ವ್ಯಾನು ನಿಲ್ಲಿಸಿ ಫೋಟೊ. ಪೋಡು ಎಂದರೆ ಅವರ ಹಾಡಿ, ಅವರ ಊರು.

ದೇವಸ್ಥಾನದಿಂದಲೇ ಆರಂಭಿಸುತ್ತೇನೆ. ಗರ್ಭಗುಡಿಯಲ್ಲಿ ಪೂಜೆ ಮಾಡುವವರು ವೈಷ್ಣವ ಅರ್ಚಕರು. ಕೈಮುಗಿದು ನಿಂತ ನಾವು ಅವನನ್ನು ಸ್ವಾಮಿ ಎನ್ನುತ್ತೇವೆ. ಸೋಲಿಗರು ಏನೆನ್ನುತ್ತಾರೆ ಗೊತ್ತೆ? ಭಾವ! ರಂಗಪ್ಪ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮೆಚ್ಚಿ ಮದುವೆಯಾದನಂತೆ, ಹಾಗಾಗಿ ಇಡೀ ಕುಲಕ್ಕೆ ಅವನು ಮನೆಯ ಅಳಿಯ, ಭಾವ. ಆ ಭಾವನಿಗೆ ಭಕ್ತರು ದೊಡ್ಡ ದೊಡ್ಡ ಚರ್ಮದ ಚಪ್ಪಲಿ ಮಾಡಿಸಿ ಒಪ್ಪಿಸುತ್ತಾರೆ, ಅವನು ಅದನ್ನು ಮೆಟ್ಟಿಕೊಂಡು ರಾತ್ರಿಯೆಲ್ಲ ಕಾಡು ಸುತ್ತುತ್ತಾನೆ ಎಂಬ ನಂಬಿಕೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು. ಆದರೆ ಒಂದು ಮಾತು ಯೋಚಿಸಿ. ನಾವು ಮೆಟ್ಟಿಲು ಹತ್ತಿ, ಸಾಲಿನಲ್ಲಿ ನಿಂತು, ಅರ್ಧ ನಿಮಿಷ ನೋಡಿ ಬರುವ ದೇವರು ಯಾರ ಮನೆಯ ಬಂಧುವೋ ಅವರನ್ನೇ ಆ ಬೆಟ್ಟಕ್ಕೆ ಹೊರಗಿನವರು, ಒತ್ತುವರಿದಾರರು ಎಂದು ಕರೆಯುವ ಧೈರ್ಯ ನಮಗೆ ಎಲ್ಲಿಂದ ಬಂತು?

ಈಗ ಮೊದಲನೆಯ ಸುಳ್ಳಿಗೆ ಬರುತ್ತೇನೆ. ಅವರು ಹಿಂದುಳಿದವರು.

ಪೋಡಿನ ಒಂದು ಜಗಲಿಯಲ್ಲಿ ವಯಸ್ಸಾದ ಹೆಂಗಸೊಬ್ಬರು ರಾಗಿ ಕೇರುತ್ತಾ ಕೂತಿದ್ದರು. ‘ಬನ್ನಿ ಕವ್ವ, ಕುಂತ್ಕಳಿ’ ಎಂದು ಚಾಪೆ ಸರಿಸಿದರು. ನಮ್ಮ ಗುಂಪಿನ ಒಬ್ಬರು ಕೇಳಬಾರದ್ದನ್ನೇ ಮೊದಲು ಕೇಳಿದರು. ‘ನಿಮ್ಮಲ್ಲಿ ಮದುವೆಗೆ ಎಷ್ಟು ಖರ್ಚಾಗುತ್ತೆ ಅಜ್ಜಿ?’ ಅಜ್ಜಿ ನಕ್ಕರು. ಅವರಲ್ಲಿ ಹುಡುಗ ಹುಡುಗಿ ಒಪ್ಪಿಕೊಂಡರೆ ಇಬ್ಬರೂ ಕಾಡಿಗೆ ಓಡಿಹೋಗುವುದು ಹಿಂದಿನಿಂದ ಬಂದ ರೂಢಿ. ಕೆಲವು ದಿನ ಇದ್ದು ಬಂದು ಹಿರಿಯರ ಮುಂದೆ ನಿಲ್ಲುತ್ತಾರೆ. ಒಂದೇ ಕುಲದವರಲ್ಲ ತಾನೆ ಎಂದು ನೋಡಿ, ಸಣ್ಣದೊಂದು ತಪ್ಪುಕಾಣಿಕೆ ಕಟ್ಟಿಸಿಕೊಂಡು, ಊಟ ಹಾಕಿಸಿ, ಗಂಡಹೆಂಡಿರೆಂದು ಒಪ್ಪಿಕೊಳ್ಳುತ್ತಾರೆ. ಹಿರಿಯರೇ ಕೂತು ಮಾಡುವ ಮದುವೆಯಲ್ಲೂ ತೆರ ಕೊಡಬೇಕಾದವರು ಗಂಡಿನ ಕಡೆಯವರು. ಬಾಳಲಾಗದಿದ್ದರೆ ಬಿಟ್ಟು ಬರಬಹುದು. ಗಂಡ ಸತ್ತವಳು ಮತ್ತೊಬ್ಬನನ್ನು ಕೂಡಿಕೊಂಡು ಸಂಸಾರ ಮಾಡಬಹುದು, ಯಾರೂ ಕಿಟಕಿಯಿಂದ ಇಣುಕಿ ನೋಡುವುದಿಲ್ಲ.

ಇನ್ನು ಮುಂದುವರಿದ ನಮ್ಮ ಕಥೆ. ವರದಕ್ಷಿಣೆ ನಿಷೇಧ ಕಾಯ್ದೆ 1961ರದು. ಕಾನೂನು ಬಂದು ಅರವತ್ತು ವರ್ಷ ಮೀರಿದ ಮೇಲೂ ನಾವು ‘ಕೊಡಬೇಕಾದ್ದೇನೂ ಇಲ್ಲ, ನಿಮ್ಮ ಹುಡುಗಿಗೆ ನೀವು ಏನು ಹಾಕ್ತೀರೋ ಹಾಕಿ’ ಎಂಬ ನಯವಾದ ಮಾತಿನ ಮರೆಯಲ್ಲಿ ಕಾರು, ನಿವೇಶನ, ಕಲ್ಯಾಣಮಂಟಪದ ಬಿಲ್ಲು ಎಲ್ಲವನ್ನೂ ಸಾಗಿಸುತ್ತಿದ್ದೇವೆ. ಮಗಳು ಬೇರೆ ಜಾತಿಯವನನ್ನು ಮೆಚ್ಚಿದರೆ ಕತ್ತು ಹಿಸುಕುವ ಅಪ್ಪಂದಿರ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಬರುತ್ತದೆ. ಓಡಿಹೋದ ಮಕ್ಕಳನ್ನು ಊಟ ಹಾಕಿ ಕರೆದುಕೊಳ್ಳುವ ಸಮಾಜ ಹಿಂದುಳಿದದ್ದು, ಹುಡುಕಿ ಕೊಲ್ಲುವ ಸಮಾಜ ಮುಂದುವರಿದದ್ದು ಎಂದು ಯಾವ ಅಳತೆಗೋಲಿನಲ್ಲಿ ಅಳೆದಿರಿ?

ಹಾಗೆಂದು ನಾನು ಪೋಡನ್ನು ಸ್ವರ್ಗ ಎನ್ನಲು ಹೊರಟಿಲ್ಲ. ಅಲ್ಲಿಯೂ ಕುಡಿದು ಬಂದು ಹೆಂಡತಿಗೆ ಹೊಡೆಯುವ ಗಂಡಸರಿದ್ದಾರೆ. ಎಳೆಯ ವಯಸ್ಸಿನಲ್ಲೇ ಬಸಿರಾಗುವ ಹುಡುಗಿಯರಿದ್ದಾರೆ. ರಕ್ತದ ಕಣ ಕುಡುಗೋಲಿನಂತೆ ಬಾಗಿಹೋಗುವ ಸಿಕಲ್ ಸೆಲ್ ಕಾಯಿಲೆ ಅವರಲ್ಲಿ ತಲೆತಲಾಂತರದಿಂದ ಬಂದಿದೆ, ಕೀಲುಗಳು ಹಿಡಿದು ಮಕ್ಕಳು ನರಳುತ್ತವೆ. ದೂರದ ಪೋಡಿನಲ್ಲಿ ನಡುರಾತ್ರಿ ಹೆರಿಗೆ ನೋವು ಬಂದರೆ ದಾರಿಯಲ್ಲಿ ಆನೆ ಇದೆಯೇ ಎಂದು ನೋಡಿಕೊಂಡು ಹೊರಡಬೇಕು. ಇವೆಲ್ಲ ಕಷ್ಟಗಳೇ. ಆದರೆ ಕಷ್ಟ ಇರುವುದು ಬೇರೆ, ಕೀಳಾಗಿರುವುದು ಬೇರೆ. ಕಷ್ಟಕ್ಕೆ ಬೇಕಾದದ್ದು ದಾದಿ, ಔಷಧಿ, ರಸ್ತೆ, ಶಾಲೆ. ಮರುಕದ ಒಂದು ಪದದಿಂದ ಇವುಗಳಲ್ಲಿ ಯಾವುದೂ ಬರುವುದಿಲ್ಲ.

ಎರಡನೆಯ ಸುಳ್ಳು ಇನ್ನೂ ದೊಡ್ಡದು. ಅವರಿಂದ ಕಾಡಿಗೆ ಹಾನಿ, ಅವರು ಹೋದರೆ ಕಾಡು ಉಳಿಯುತ್ತದೆ.

ಈ ಬೆಟ್ಟ 1974ರಲ್ಲಿ ವನ್ಯಜೀವಿ ಧಾಮವಾಯಿತು. ಅಲ್ಲಿಂದ ಸೋಲಿಗರ ಅಲೆಮಾರಿ ಬೇಸಾಯ ನಿಂತಿತು, ಬೇಟೆ ನಿಂತಿತು, ಕಾಡಿನ ಒಳಗೆ ಚದುರಿಕೊಂಡಿದ್ದವರನ್ನು ರಸ್ತೆಯಂಚಿನ ಪೋಡುಗಳಿಗೆ ತಂದು ಕೂರಿಸಿದರು. ಅದರ ಜೊತೆಗೇ ಇನ್ನೊಂದು ನಿಂತಿತು, ತರಗು ಬೆಂಕಿ. ಮಳೆಗಾಲ ಕಳೆದು, ಬೇಸಿಗೆ ಬಲಿಯುವ ಮೊದಲೇ, ನೆಲದಲ್ಲಿ ಬಿದ್ದ ಒಣಗೆಲೆಗೆ ಮಾತ್ರ ತಾಗುವಂತೆ ಹಚ್ಚುತ್ತಿದ್ದ ಸಣ್ಣ ಬೆಂಕಿ ಅದು. ಮೊಣಕಾಲೆತ್ತರವೂ ಏಳದೆ ಸರಸರನೆ ಸಾಗಿ ಆರಿಹೋಗುತ್ತಿತ್ತು. ಹುಲ್ಲು ಹೊಸದಾಗಿ ಚಿಗುರುತ್ತಿತ್ತು, ಜಿಂಕೆ ಕಡವೆಗೆ ಮೇವಾಗುತ್ತಿತ್ತು, ಕಳೆಗಿಡ ಎಳೆಯದರಲ್ಲೇ ಸಾಯುತ್ತಿತ್ತು. ಕಾಡಿಗೆ ಬೆಂಕಿಯಿಡುವುದು ಅಪರಾಧ ಎಂದು ಅದನ್ನು ನಿಲ್ಲಿಸಿದರು. ನಮಗೂ ಅದು ಸರಿಯೆಂದೇ ತೋರುತ್ತದೆ. ಬೆಂಕಿ ಎಂದರೆ ಬೆಂಕಿಯೇ ಅಲ್ಲವೆ? ಆದರೆ ಒಲೆಯ ಮುಂದೆ ನಿಂತವಳಿಗೆ ಗೊತ್ತು, ಸಣ್ಣ ಉರಿ ಬೇರೆ, ದೊಡ್ಡ ಉರಿ ಬೇರೆ. ಒಂದರಲ್ಲಿ ಹಾಲು ಕಾಯುತ್ತದೆ, ಇನ್ನೊಂದರಲ್ಲಿ ಉಕ್ಕಿ ಹೋಗುತ್ತದೆ.

ಈಗ ಬೆಟ್ಟದ ರಸ್ತೆಯ ಎರಡೂ ಬದಿ ನೋಡಿ. ಗುಲಾಬಿ, ಹಳದಿ, ಕಿತ್ತಳೆ ಬಣ್ಣದ ಪುಟ್ಟ ಹೂಗೊಂಚಲಿನ ಪೊದೆ ಗೋಡೆ ಕಟ್ಟಿದಂತೆ ಬೆಳೆದಿದೆ. ನಮ್ಮ ಗುಂಪಿನಲ್ಲಿ ಒಬ್ಬರು ‘ಎಷ್ಟು ಮುದ್ದಾಗಿದೆ’ ಎಂದು ಕಿತ್ತು ಮುಡಿದುಕೊಂಡರು. ಅದೇ ಲಂಟಾನ. ಅಮೆರಿಕ ಖಂಡದ ಗಿಡ, ಬ್ರಿಟಿಷರ ಕಾಲದಲ್ಲಿ ತೋಟದ ಅಲಂಕಾರಕ್ಕೆಂದು ನಮ್ಮ ದೇಶಕ್ಕೆ ಬಂದದ್ದು. ಈ ಬೆಟ್ಟದಲ್ಲಿ ಅಧ್ಯಯನ ಮಾಡಿದ ವಿಜ್ಞಾನಿಗಳು 1997ರಿಂದ 2008ರವರೆಗಿನ ಹನ್ನೊಂದು ವರ್ಷಗಳಲ್ಲಿ ಲಂಟಾನ ಹಬ್ಬಿದ ಜಾಗ ಸುಮಾರು ಎರಡರಷ್ಟಾಯಿತೆಂದು ಕಂಡರು. ಅದರ ಅಡಿಯಲ್ಲಿ ಹುಲ್ಲು ಏಳುವುದಿಲ್ಲ, ಮರದ ಸಸಿ ಏಳುವುದಿಲ್ಲ. ಬೇಸಿಗೆಯಲ್ಲಿ ಅದಕ್ಕೆ ಬೆಂಕಿ ಬಿದ್ದರೆ ಅದು ತರಗು ಬೆಂಕಿಯಂತೆ ನೆಲದಲ್ಲಿ ಹರಿಯುವುದಿಲ್ಲ, ಮರದ ನೆತ್ತಿಗೇ ಹತ್ತುತ್ತದೆ. ನೆಲ್ಲಿಮರಗಳ ಮೇಲೆ ಬದನಿಕೆಯೂ ಹೆಚ್ಚಿತು. ಸೋಲಿಗರು ಅದನ್ನು ಉಪ್ಪಿಲು ಎನ್ನುತ್ತಾರೆ, ಮರದ ರಸ ಹೀರಿ ಮರವನ್ನೇ ಕೊಲ್ಲುತ್ತದೆ. ತರಗು ಬೆಂಕಿ ನಿಂತದ್ದೇ ಇದಕ್ಕೆಲ್ಲ ಕಾರಣವೆಂದು ಸೋಲಿಗರು ಹೇಳುತ್ತಲೇ ಬಂದರು. ಓದು ಬಾರದವರ ಮಾತು ಯಾರು ಕೇಳುತ್ತಾರೆ? ಅದು ಇಂಗ್ಲಿಷಿನ ಸಂಶೋಧನಾ ಪತ್ರಿಕೆಗಳಲ್ಲಿ ಅಚ್ಚಾದ ಮೇಲೆ ಹೊರಗಿನವರೂ ಕಿವಿಗೊಟ್ಟರು. ಮನೆಯ ಸೊಸೆ ಹತ್ತು ಸಲ ಹೇಳಿದ್ದನ್ನು ಕಡೆಗೆ ಡಾಕ್ಟರು ಹೇಳಿದಾಗ ‘ಹೌದಲ್ಲವೆ’ ಎನ್ನುವ ಅತ್ತೆಯ ಹಾಗೆ.

ಇನ್ನು ಹುಲಿ. 2011ರ ಜನವರಿಯಲ್ಲಿ ಈ ಕಾಡನ್ನು ಹುಲಿ ಸಂರಕ್ಷಿತ ಪ್ರದೇಶ ಎಂದು ಘೋಷಿಸಿದರು. ಏಕೆ? ಅಲ್ಲಿ ಹುಲಿಗಳಿದ್ದವು ಎಂದು. ಸೋಲಿಗರು ಶತಮಾನಗಳಿಂದ ಬಾಳಿದ, ಅವರ ಪೋಡುಗಳೇ ಇರುವ ಕಾಡಿನಲ್ಲಿ ಹುಲಿ ಉಳಿದಿತ್ತು ಎಂದು. ಅವರಿದ್ದರೆ ಹುಲಿ ಇರುವುದಿಲ್ಲ ಎಂದಾದರೆ 2011ರಲ್ಲಿ ಘೋಷಣೆಗೆ ಹುಲಿ ಎಲ್ಲಿಂದ ಸಿಕ್ಕಿತು? ಅವರು ಹುಲಿಯನ್ನು ಹುಲಿವೀರಪ್ಪ ಎಂದು ಪೂಜಿಸುವವರು. ಹೆಜ್ಜೇನು ಕೊಯ್ದಾಗ, ಮರ ಹತ್ತಲಾರದ ಹುಲಿಗೆಂದು ನೆಲದ ಮೇಲೆ ಒಂದು ಪಾಲು ಬಿಟ್ಟು ಬರುವವರು. ಹುಲಿಯನ್ನು ಗುಂಡಿಟ್ಟು ಕೊಂದು, ಹೆಣದ ಮೇಲೆ ಕಾಲಿಟ್ಟು ಫೋಟೊ ತೆಗೆಸಿಕೊಂಡವರು ರಾಜಮಹಾರಾಜರು, ಬಿಳಿ ದೊರೆಗಳು. ಆ ಫೋಟೊಗಳಿಗೆ ಚಿನ್ನದ ಕಟ್ಟು ಹಾಕಿಸಿ ಬಂಗಲೆಗಳಲ್ಲಿ ತೂಗುಹಾಕಿದ್ದಾರೆ, ನಾವು ನಿಂತು ನೋಡಿ ಮೆಚ್ಚುತ್ತೇವೆ. ಬೇಟೆಗಾರರು ಚರಿತ್ರೆಗೆ ಸೇರಿದರು, ಅನುಮಾನ ಮಾತ್ರ ಸೋಲಿಗರ ತಲೆಗೆ ಕಟ್ಟಿತು.

ಮೂರನೆಯ ಸುಳ್ಳು, ಕಾಡು ಅವರದಲ್ಲ ಎಂಬುದು.

ಈ ಬೆಟ್ಟದಲ್ಲಿ ಯಾರು ಯಾರಿಗೆ ಜಾಗ ಸಿಕ್ಕಿತು ನೋಡಿ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಮಾರಿಸ್ ಎಂಬ ಬ್ರಿಟಿಷ್ ಕುಟುಂಬ ಬಂದು ಕಾಡು ಕಡಿದು ಕಾಫಿ ಹಾಕಿತು. ಆ ತೋಟಗಳು ಕೈ ಬದಲಾದವು, ತೋಟಗಳು ಮಾತ್ರ ಕಾಡಿನ ನಡುವೆ ಉಳಿದವು. ಮಹಾರಾಜರ ಬೇಟೆಯ ತಾಣದಲ್ಲಿ ಈಗ ಪ್ರವಾಸಿಗಳ ಬಿಡಾರವಿದೆ. ಕಾಫಿಗೆ ಜಾಗವಿದೆ, ಜೀಪಿಗೆ ಜಾಗವಿದೆ, ನಮ್ಮ ವ್ಯಾನಿಗೂ ಇದೆ. ಎರಡೆಕರೆ ರಾಗಿ ಬಿತ್ತಿದವನು ಮಾತ್ರ ಒತ್ತುವರಿದಾರ.

ಸೋಲಿಗರಿಗೆ ಕಾಡೆಂದರೆ ಬರೀ ಮರವಲ್ಲ. ಒಂದೊಂದು ಕುಲಕ್ಕೂ ಅದರದೇ ‘ಯೆಲ್ಲೆ’ ಇದೆ. ಅದರೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂದು ಐದು ಬಗೆಯ ಪವಿತ್ರ ತಾಣಗಳು. ಅಬ್ಬಿ ನೀರಿನ ಸೆಲೆ, ಕಲ್ಲುಗುಡಿ ಹಿರಿಯರ ನೆನಪಿನ ಜಾಗ. ಇಂಥ ನೂರಾರು ತಾಣಗಳನ್ನು ಅವರೇ ಸಂಶೋಧಕರ ಜೊತೆ ನಡೆದು ನಕ್ಷೆಯಲ್ಲಿ ಗುರುತಿಸಿದ್ದಾರೆ. ನಮ್ಮ ಮನೆಯ ಪತ್ರ ಉಪನೋಂದಣಿ ಕಚೇರಿಯಲ್ಲಿರುತ್ತದೆ. ಅವರದು ಕಲ್ಲಿನಲ್ಲಿ, ಸೆಲೆಯಲ್ಲಿ, ಮರದಲ್ಲಿ ಇದೆ, ಅಷ್ಟೇ ವ್ಯತ್ಯಾಸ. ನಾವು ಸುತ್ತು ಹಾಕಿ ಫೋಟೊ ತೆಗೆಸಿಕೊಂಡ ದೊಡ್ಡ ಸಂಪಿಗೆ ಅವರ ದೇವರು. ಯಾರಾದರೂ ಚಪ್ಪಲಿ ಹಾಕಿಕೊಂಡು ನಮ್ಮ ದೇವರ ಕೋಣೆಗೆ ನುಗ್ಗಿ, ಕುರುಕಲು ತಿಂದ ಪ್ಲಾಸ್ಟಿಕ್ ಚೀಟಿ ಎಸೆದು ಹೋದರೆ ನಾವು ಸುಮ್ಮನಿರುತ್ತೇವೆಯೆ?

ಇದು ನನ್ನ ಭಾವುಕತೆಯ ಮಾತಲ್ಲ, ಈ ದೇಶದ ಕಾನೂನೂ ಹೇಳುತ್ತದೆ. 2006ರ ಅರಣ್ಯ ಹಕ್ಕು ಕಾಯ್ದೆ, ಬುಡಕಟ್ಟು ಜನರಿಗೆ ಚಾರಿತ್ರಿಕ ಅನ್ಯಾಯವಾಗಿದೆ ಎಂದು ತನ್ನ ಪೀಠಿಕೆಯಲ್ಲೇ ಒಪ್ಪಿಕೊಂಡಿದೆ. 2011ರ ಅಕ್ಟೋಬರಿನಲ್ಲಿ ಈ ಬೆಟ್ಟದ 25 ಗ್ರಾಮಸಭೆಗಳ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದ ಒಳಗೆ ಇಂಥ ಹಕ್ಕು ಪಡೆದವರಲ್ಲಿ ಇಡೀ ದೇಶಕ್ಕೇ ಅವರು ಮೊದಲಿಗರು. ಅದನ್ನು ಯಾರೂ ತಟ್ಟೆಯಲ್ಲಿಟ್ಟು ಕೊಟ್ಟದ್ದಲ್ಲ. ಸಂಘ ಕಟ್ಟಿ, ಅರ್ಜಿ ಬರೆದು, ಕಚೇರಿ ಅಲೆದು ಪಡೆದುಕೊಂಡದ್ದು.

ಈ ಕಾಯ್ದೆಯಲ್ಲಿ ಇನ್ನೊಂದು ಮಾತಿದೆ, ನಾವು ಹೆಂಗಸರು ಕಣ್ಣರಳಿಸಿ ಓದಬೇಕಾದ್ದು. ಮದುವೆಯಾದವರಿಗೆ ಕೊಡುವ ಭೂಮಿಯ ಹಕ್ಕುಪತ್ರ ಗಂಡಹೆಂಡತಿ ಇಬ್ಬರ ಹೆಸರಿನಲ್ಲೂ ಜಂಟಿಯಾಗಿ ಇರಬೇಕು. ಅರಣ್ಯ ಹಕ್ಕು ಸಮಿತಿಯಲ್ಲಿ ಮೂರನೇ ಒಂದು ಭಾಗಕ್ಕೆ ಕಡಿಮೆಯಿಲ್ಲದಂತೆ ಹೆಂಗಸರಿರಬೇಕು. ನಿಮ್ಮನ್ನು ಕೇಳುತ್ತೇನೆ, ನೀವು ಗುಡಿಸಿ ಒರೆಸುವ, ಸಾಲದ ಕಂತಿಗೆ ನಿಮ್ಮ ಸಂಬಳವನ್ನೂ ಸುರಿಯುವ ಆ ಮನೆಯ ಪತ್ರದಲ್ಲಿ ನಿಮ್ಮ ಹೆಸರಿದೆಯೆ? ನಮ್ಮ ವ್ಯಾನಿನಲ್ಲಿದ್ದ ಹನ್ನೊಂದು ಜನರಲ್ಲಿ ಮೂವರದು ಮಾತ್ರ ಇತ್ತು. ಉಳಿದ ಎಂಟು ಜನ ‘ಅವರ ಹೆಸರಲ್ಲಿದ್ದರೇನು, ನನ್ನ ಹೆಸರಲ್ಲಿದ್ದರೇನು’ ಎಂದರು. ಗಂಡಂದಿರು ಆ ಮಾತನ್ನು ಯಾಕೆ ಹೇಳುವುದಿಲ್ಲ ಎಂದು ನಾನು ಕೇಳಿದೆ. ವ್ಯಾನಿನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಕಾಡಿನ ಹಕ್ಕು ಎಂದರೆ ಹೆಂಗಸಿನ ಕೈಯಲ್ಲಿ ಓಡಾಡುವ ನಾಲ್ಕು ಕಾಸು ಕೂಡ. ನಮ್ಮ ಅಡುಗೆಮನೆಯಲ್ಲೇ ಈ ಬೆಟ್ಟದಂಥ ಕಾಡುಗಳ ಎಷ್ಟು ಸಾಮಾನಿದೆ ಎಣಿಸಿ. ಉಪ್ಪಿನಕಾಯಿಯ ಬೆಟ್ಟದ ನೆಲ್ಲಿ, ಮಾಗಳಿ ಬೇರು, ಮಸಾಲೆಯ ಕಲ್ಲುಹೂ, ತಲೆಗೆ ಸೀಗೆಕಾಯಿ, ಜರತಾರಿ ಸೀರೆ ಒಗೆಯಲು ಅಂಟುವಾಳ, ಮಗುವಿನ ನಾಲಗೆಗೆ ಜೇನು. ಇವನ್ನು ಆಯ್ದು ತಂದು ಗಿರಿಜನರ ಲ್ಯಾಂಪ್ಸ್ ಸೊಸೈಟಿಗೆ ಹಾಕಿ ಬಂದ ಹಣದಲ್ಲಿ ಸೋಲಿಗ ಸಂಸಾರಗಳು ನಡೆಯುತ್ತಿದ್ದವು. 2006ರಲ್ಲಿ ಇದನ್ನೂ ಮಾರಾಟಕ್ಕೆ ಆಯಬಾರದೆಂದು ನಿಲ್ಲಿಸಿದರು. 2011ರ ಹಕ್ಕು ಬರುವವರೆಗೆ ಎಷ್ಟೋ ಜನ ದೂರದ ತೋಟಗಳಿಗೆ ಕೂಲಿಗೆ ಹೋದರು. ಕೂಲಿಯ ಹಣ ಮನೆಗೆ ಬರುವಷ್ಟರಲ್ಲಿ ಅದಕ್ಕೆ ಎಷ್ಟು ಬಾಗಿಲುಗಳಿರುತ್ತವೆ, ಮೊದಲನೆಯ ಬಾಗಿಲು ಯಾವುದು ಎಂಬುದನ್ನು ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ವಿಷಯವನ್ನು ನಾವು ಎಂದೂ ಮಾತಾಡುವುದಿಲ್ಲ. ವೀರಪ್ಪನ್ ಎಂದ ಕೂಡಲೇ ನಮಗೆ ನೆನಪಾಗುವುದು 2000ನೇ ಇಸವಿಯಲ್ಲಿ ಡಾ. ರಾಜಕುಮಾರ್ ಅವರನ್ನು ಹೊತ್ತೊಯ್ದ ಆ 108 ದಿನಗಳು. ನಾವೆಲ್ಲ ಒಂದೊಂದು ದಿನವನ್ನೂ ಎಣಿಸಿದೆವು, ಹರಕೆ ಹೊತ್ತೆವು. ಆದರೆ ಅದಕ್ಕೂ ಮೊದಲು, ವೀರಪ್ಪನ್ ಬೇಟೆಯ ಹೆಸರಿನಲ್ಲಿ, ಮಲೆ ಮಹದೇಶ್ವರ ಬೆಟ್ಟದ ಸುತ್ತಿನ ಕಾಡುಗಳಲ್ಲಿ ಸೋಲಿಗರನ್ನೂ ಬಡ ಹಳ್ಳಿಗರನ್ನೂ ಹಿಡಿದೊಯ್ದು ಹಿಂಸೆ ಕೊಟ್ಟರೆಂಬ ದೂರುಗಳಿದ್ದವು. ಹಿಂಸೆಗೆ ಒಳಗಾದವರಲ್ಲಿ ಹೆಂಗಸರಿದ್ದರು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಎ. ಜೆ. ಸದಾಶಿವ ಅವರ ನೇತೃತ್ವದಲ್ಲಿ ತನಿಖೆ ನಡೆಸಿತು. 2007ರಲ್ಲಿ 89 ಜನರಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡಬೇಕೆಂದು ಹೇಳಿತು. ಆ ಹೆಂಗಸರು ಎಣಿಸಿದ ದಿನಗಳೆಷ್ಟೋ! ಅವರಿಗಾಗಿ ನಾವು ಒಂದು ಊದುಬತ್ತಿಯನ್ನೂ ಹಚ್ಚಲಿಲ್ಲ. ಆಗ ಎಲ್ಲಿ ಹೋಗಿತ್ತು ನಮ್ಮ ‘ಪಾಪ’?

ಈಗ ಸ್ಥಳಾಂತರದ ಮಾತು. 2019ರ ಫೆಬ್ರವರಿ 13ರಂದು ಸುಪ್ರೀಂ ಕೋರ್ಟು, ಅರಣ್ಯ ಹಕ್ಕಿನ ಅರ್ಜಿ ತಿರಸ್ಕೃತವಾದವರನ್ನು ಕಾಡಿನಿಂದ ತೆರವು ಮಾಡಿಸಿ ಎಂದಿತು. ದೇಶದ ತುಂಬ ಕೂಗೆದ್ದ ಮೇಲೆ ಅದೇ 28ರಂದು ತಡೆ ಕೊಟ್ಟಿತು. 2024ರ ಜೂನಿನಲ್ಲಿ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ, ಹುಲಿ ಮೀಸಲುಗಳ ಒಳಭಾಗದಲ್ಲಿ ಇನ್ನೂ ಇರುವ 591 ಹಳ್ಳಿಗಳ 64,801 ಕುಟುಂಬಗಳನ್ನು ಸ್ಥಳಾಂತರಿಸಲು ಆದ್ಯತೆ ಕೊಡಿ ಎಂದು ರಾಜ್ಯಗಳಿಗೆ ಬರೆಯಿತು. ಒಂದು ಕುಟುಂಬಕ್ಕೆ ಕೊಡುವ ಹಣ 15 ಲಕ್ಷ ರೂಪಾಯಿ. ಕಾಗದದಲ್ಲಿ ‘ಸ್ವ ಇಚ್ಛೆಯಿಂದ’ ಎಂಬ ಮಾತಿದೆ. ಗ್ರಾಮಸಭೆ ತಿಳಿದು ಒಪ್ಪದೆ ಯಾರನ್ನೂ ಎಬ್ಬಿಸುವಂತಿಲ್ಲ ಎಂದೂ ಕಾನೂನಿದೆ. ಆದರೆ ಕರೆಂಟು ಬಾರದೆ, ದಾರಿ ರಿಪೇರಿಯಾಗದೆ, ಶಾಲೆಗೆ ಮೇಷ್ಟ್ರು ಬಾರದೆ ಹತ್ತು ವರ್ಷ ಕಳೆದ ಮೇಲೆ ಹುಟ್ಟುವ ಇಚ್ಛೆ ಎಷ್ಟರಮಟ್ಟಿಗೆ ಸ್ವಂತದ್ದು?

ಹದಿನೈದು ಲಕ್ಷ ದೊಡ್ಡ ಮೊತ್ತವಲ್ಲವೆ ಎಂದು ನಮ್ಮಲ್ಲೊಬ್ಬರು ಕೇಳಿದರು. ಮೈಸೂರಿನ ಒಳ್ಳೆಯ ಬಡಾವಣೆಯಲ್ಲಿ ಅದಕ್ಕೊಂದು ನಿವೇಶನ ಬರುತ್ತದೆಯೆ, ಹೇಳಿ. ಅಬ್ಬಿಯ ನೀರಿಗೆ, ನಲವತ್ತು ಬಗೆ ಸೊಪ್ಪು ಗುರುತಿಸುವ ಕಣ್ಣಿಗೆ, ಹಿರಿಯರ ಕಲ್ಲುಗುಡಿಗೆ ಯಾವ ದರ? ಜಗಲಿಯ ಅಜ್ಜಿ ನನ್ನನ್ನು ಕೇಳಿದ್ದು ಇಷ್ಟೇ. ‘ನಿಮ್ಮೂರಲ್ಲಿ ಕುಡಿಯೋ ನೀರ್ನೂ ದುಡ್ಗೆ ತಕ್ಕತೀರಂತೆ, ದಿಟವಾ ಕವ್ವ?’ ದಿಟ ಎಂದೆ. ಅವರು ಏನೂ ಹೇಳದೆ ಮೊರ ಕೊಡವಿದರು.

ಹುಟ್ಟಿದ ನೆಲ ಬಿಡುವುದೆಂದರೇನು ಎಂದು ಹೆಂಗಸರಾದ ನಮಗೆ ಬೇರೆಯವರು ಕಲಿಸಬೇಕಾಗಿಲ್ಲ. ನಾವೆಲ್ಲ ಒಂದಲ್ಲ ಒಂದು ದಿನ ಮಡಿಲಕ್ಕಿ ಕಟ್ಟಿಕೊಂಡು, ಕಣ್ಣೊರೆಸಿಕೊಂಡು ಹೊರಟು ಬಂದವರೇ. ಹೊಸ ಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಕೇಳಲೂ ಅಂಜಿ ನಿಂತವರೇ. ಆದರೆ ನಮಗೆ ತವರು ಉಳಿದಿತ್ತು. ಗೌರಿ ಹಬ್ಬಕ್ಕೆ, ಚೊಚ್ಚಲ ಹೆರಿಗೆಗೆ, ಜಗಳವಾದಾಗ ಒಂದು ವಾರ ಹೋಗಿ ಮಲಗಲು ಒಂದು ಮನೆ ಇತ್ತು. ಕಾಡಿನಿಂದ ಇಳಿಸಿದವರಿಗೆ ಅದೂ ಇಲ್ಲ. ತವರಿಗೆ ಹೋದರೆ ಅತಿಕ್ರಮ ಪ್ರವೇಶದ ಕೇಸು. 2025ರ ಮೇ ತಿಂಗಳಲ್ಲಿ ನಾಗರಹೊಳೆಯಿಂದ ಹಿಂದೆಂದೋ ಹೊರಬಿದ್ದ ಜೇನುಕುರುಬರ 52 ಕುಟುಂಬಗಳು ಕರಡಿಕಲ್ಲು ಅತ್ತೂರು ಕೊಲ್ಲಿಗೆ ಮರಳಿ ಹೋಗಿ, ಇದು ನಮ್ಮ ಹಿರಿಯರ ಜಾಗ ಎಂದು ಗುಡಿಸಲು ಹಾಕಿದಾಗ ಪೊಲೀಸರೂ ಅರಣ್ಯದವರೂ ಬಂದು ನಿಂತರು. ತವರಿನ ಬಾಗಿಲಲ್ಲಿ ಪೊಲೀಸರು! ಇದನ್ನು ಓದಿಯೂ ‘ಕೆಳಗೆ ಕರಕೊಂಡು ಬಂದರೆ ಒಳ್ಳೆಯದು’ ಎನ್ನುವ ಹೆಂಗಸು ತನ್ನ ತವರನ್ನೇ ಮರೆತಿರಬೇಕು.

‘ಹಾಗಾದರೆ ಅವರ ಮಕ್ಕಳು ಓದುವುದು ಬೇಡವೆ? ಆಸ್ಪತ್ರೆ ಬೇಡವೆ?’ ಎಂದು ಕೇಳುತ್ತೀರಿ. ಬೇಕು, ಖಂಡಿತ ಬೇಕು. ಆದರೆ ಶಾಲೆಗಾಗಿ ಊರನ್ನೇ ಕಿತ್ತು ತರಬೇಕೆ, ಊರಿಗೆ ಶಾಲೆಯನ್ನು ಒಯ್ಯಬೇಕೆ? ಡಾ. ಎಚ್. ಸುದರ್ಶನ್ 1981ರಲ್ಲಿ ಈ ಬೆಟ್ಟದಲ್ಲೇ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಕಟ್ಟಿದರು. ಆಸ್ಪತ್ರೆ, ಶಾಲೆ ಎರಡೂ ಮೇಲೇ ನಡೆದವು. ಸೋಲಿಗರ ಮಕ್ಕಳು ಓದಿದರು. ಸಿ. ಮಾದೇಗೌಡರಂಥವರು ಡಾಕ್ಟರೇಟ್ ಪಡೆದು ತಮ್ಮ ಜನರ ಹಕ್ಕಿನ ಬಗ್ಗೆ ತಾವೇ ಬರೆಯುತ್ತಾರೆ, ವಾದಿಸುತ್ತಾರೆ. ಓದಿದ ಹುಡುಗಿ ನಾಳೆ ಮೈಸೂರಿಗೆ ಬಂದು ಕೆಲಸಕ್ಕೆ ಸೇರಿದರೆ ಸಂತೋಷ, ಪೋಡಿಗೆ ಮರಳಿ ದಾದಿಯಾದರೂ ಸಂತೋಷ. ಆಯ್ಕೆ ಅವಳದಾಗಿರಬೇಕು, ಅಷ್ಟೆ. ನಮ್ಮ ಹೆಣ್ಣುಮಕ್ಕಳಿಗಾಗಿ ನಾವು ಕೇಳುತ್ತಾ ಬಂದದ್ದೂ ಇಷ್ಟೇ ಅಲ್ಲವೆ?

ನಾವು ಉಳಿದುಕೊಂಡ ತಂಗುದಾಣದಲ್ಲಿ ರಾತ್ರಿ ಬೆಂಕಿ ಹಾಕಿ, ಪೋಡಿನಿಂದ ಹೆಂಗಸರನ್ನು ಕರೆಸಿ ಗೊರುಕನ ಕುಣಿಸಿದರು. ರೊಟ್ಟಿ ಹಬ್ಬದಲ್ಲಿ ಹೊಸ ರಾಗಿಯ ರೊಟ್ಟಿ ಸುಟ್ಟು, ದೇವರಿಗೆ ಎಡೆಯಿಟ್ಟು, ಬೆಳಗಿನವರೆಗೆ ಕುಣಿಯುವ ಕುಣಿತ ಅದು. ಕುರ್ಚಿಯಲ್ಲಿ ಕೂತವರು ಊಟದ ತಟ್ಟೆ ಹಿಡಿದುಕೊಂಡೇ ಚಪ್ಪಾಳೆ ತಟ್ಟಿದರು. ನಮ್ಮ ಮನೆಯ ಗೌರಿ ಪೂಜೆಯ ಆರತಿ ಹಾಡನ್ನು ಯಾರೋ ಹೋಟೆಲಿನಲ್ಲಿ ಊಟದ ಹೊತ್ತಿಗೆ ಹಾಡಿಸಿದರೆ ಹೇಗಿರುತ್ತದೆ ಎಂದು ನಾನು ಪಕ್ಕದವರನ್ನು ಕೇಳಿದೆ. ‘ಅವರಿಗೂ ನಾಲ್ಕು ಕಾಸು ಸಿಗಲಿ ಬಿಡಿ, ಪಾಪ’ ಎಂದರು. ಎಷ್ಟು ಸಿಗುತ್ತದೆ ಎಂದು ವಿಚಾರಿಸಿದವರು ಯಾರೂ ಇರಲಿಲ್ಲ.

2022ರಲ್ಲಿ ಈ ಬೆಟ್ಟದಲ್ಲಿ ಸಿಕ್ಕ ಹೊಸ ಬಗೆಯ ಒಂದು ಕಣಜಕ್ಕೆ ವಿಜ್ಞಾನಿಗಳು ‘ಸೋಲಿಗ’ ಎಂದೇ ಹೆಸರಿಟ್ಟರು, ಈ ಕಾಡನ್ನು ಕಾಯ್ದುಕೊಂಡು ಬಂದವರ ಗೌರವಕ್ಕೆ. ಒಳ್ಳೆಯದೇ. ಆದರೆ ಹುಳುವಿಗೆ ಹೆಸರು ಕೊಟ್ಟವರ ಊರಿನ ಬೋರ್ಡಿನಲ್ಲಿ ಜನರ ಹೆಸರಿಗೂ ಜಾಗವಿರಲಿ. ಬೆಟ್ಟದ ತುಂಬ ಇರುವ ಫಲಕಗಳಲ್ಲಿ ಹುಲಿಯ ಚಿತ್ರವಿದೆ, ಆನೆಯ ಚಿತ್ರವಿದೆ. ‘ಇದು ಸೋಲಿಗರ ನಾಡು’ ಎಂಬ ಒಂದು ಸಾಲು ನನ್ನ ಕಣ್ಣಿಗೆ ಬೀಳಲಿಲ್ಲ.

ಬೆಟ್ಟಕ್ಕೆ ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ಹೋಗಿ, ಮಕ್ಕಳನ್ನೂ ಕರೆದುಕೊಂಡು ಹೋಗಿ. ಆದರೆ ನೆಂಟರ ಮನೆಗೆ ಹೋದ ಹಾಗೆ ಹೋಗಿ. ಪೋಡಿನೊಳಗೆ ಕಾಲಿಡುವ ಮೊದಲು ಕೇಳಿ, ಫೋಟೊ ತೆಗೆಯುವ ಮೊದಲು ಕೇಳಿ, ಬೇಡ ಎಂದರೆ ಮುಖ ಗಂಟಿಕ್ಕಬೇಡಿ. ಜೇನು, ನೆಲ್ಲಿಕಾಯಿಯನ್ನು ಅವರ ಸೊಸೈಟಿಯಲ್ಲೇ ಕೊಳ್ಳಿ, ಚೌಕಾಸಿ ಮಾಡಬೇಡಿ. ಚಿನ್ನದಂಗಡಿಯಲ್ಲಿ ಮಾಡದ ಚೌಕಾಸಿಯನ್ನು ಬಡವರ ಬುಟ್ಟಿಯ ಮುಂದೆ ಮಾಡುವ ಚಾಳಿ ನಮ್ಮದು. ನಿಮ್ಮ ಮಹಿಳಾ ಸಮಾಜದಲ್ಲಿ ಒಂದು ಸಂಜೆ ಅಡುಗೆ ಸ್ಪರ್ಧೆ ಬಿಟ್ಟು ಅರಣ್ಯ ಹಕ್ಕು ಕಾಯ್ದೆಯನ್ನು ಓದಿಸಿ, ಕನ್ನಡದಲ್ಲೇ ಸಿಗುತ್ತದೆ. ಸ್ಥಳಾಂತರದ ಸುದ್ದಿ ಬಂದಾಗ ‘ಗ್ರಾಮಸಭೆ ಒಪ್ಪಿದೆಯೆ? ಅಲ್ಲಿ ಹೆಂಗಸರು ಎಷ್ಟು ಜನ ಕೂತಿದ್ದರು?’ ಎಂದು ಜಿಲ್ಲಾಧಿಕಾರಿಗಳಿಗೆ ಒಂದು ಕಾಗದ ಬರೆಯಿರಿ. ಹತ್ತು ಹೆಂಗಸರ ಸಹಿ ಇರುವ ಕಾಗದವನ್ನು ಕಸದ ಬುಟ್ಟಿಗೆ ಹಾಕುವುದು ಅಷ್ಟು ಸುಲಭವಲ್ಲ.

ಮರುಕಕ್ಕೆ ಖರ್ಚಿಲ್ಲ, ಮರ್ಯಾದೆಗೆ ಸ್ವಲ್ಪ ಖರ್ಚಿದೆ. ಸೋಲಿಗರು ನಮ್ಮಿಂದ ಮೊದಲನೆಯದನ್ನು ಎಂದೂ ಕೇಳಿಲ್ಲ.